ಬರ್ಗೆನ್‌ಗೆ ಹೋಗುವವರು ಮಳೆ ನೋಡಬೇಡಿ, ಬೆಳಕು ನೋಡಿ

ನಮ್ಮ ಮನೆಯಲ್ಲಿ ಒಂದು ಮಳೆ ಪುಸ್ತಕ ಇದೆ. ಬರೆಯುವುದು ಅಪ್ಪ. ಬೆಳಿಗ್ಗೆ ಎದ್ದು ಅಂಗಳಕ್ಕೆ ಹೋಗಿ, ಮಳೆ ಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು, ಇಷ್ಟು ಇಂಚು ಇಷ್ಟು ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ) ಅಂತ ಬರೆದಿಟ್ಟ ಮೇಲೇ ಅವರಿಗೆ ಕಾಫಿ. ಮೂಡಿಗೆರೆ ಕಡೆ ಕಾಫಿ ತೋಟ ಇರುವವರ ಮನೆಗಳಲ್ಲಿ ಇಂಥ ಪುಸ್ತಕ ಹೊಸದೇನಲ್ಲ. ಮಳೆಗಾಲದಲ್ಲಿ ಯಾರು ಫೋನ್ ಮಾಡಿದರೂ ಮೊದಲು ಕೇಳುವುದು ‘ನಿಮ್ಮಲ್ಲಿ ಎಷ್ಟು ಬಂತು?’ ಅಂತಲೇ. ಹಾಗಾಗಿ ಅಕ್ಕ ಮದುವೆಯಾಗಿ ನಾರ್ವೆ ದೇಶದ ಬರ್ಗೆನ್‌ಗೆ ಹೋದಾಗ, ಯುರೋಪಿನಲ್ಲಿ ತುಂಬಾ ಮಳೆ ಬರುವ ನಗರಗಳಲ್ಲಿ ಅದೂ ಒಂದು ಅಂತ ಗೊತ್ತಾದಾಗ, ಅಪ್ಪನಿಗೆ ನೋಡದೇ ಆ ಊರಿನ ಮೇಲೆ ಪ್ರೀತಿ ಹುಟ್ಟಿತು.

ನಾನು ಅಲ್ಲಿಗೆ ಎರಡು ಸಲ ಹೋಗಿ ಬಂದಿದ್ದೇನೆ. ಒಮ್ಮೆ ಅಕ್ಟೋಬರ್ ಕೊನೆಯಲ್ಲಿ, ಇನ್ನೊಮ್ಮೆ ಮೇ ತಿಂಗಳಲ್ಲಿ. ಎರಡೂ ಒಂದೇ ಊರು ಅಂದರೆ ನಂಬುವುದು ಕಷ್ಟ. ಚಿಕ್ಕಮಗಳೂರಿನ ಗೆಳತಿಯರು, ನೆಂಟರು, ಪಕ್ಕದ ತೋಟದವರು, ಮಕ್ಕಳು ಓದಲು ಹೋಗಿರುವ ಅಪ್ಪ ಅಮ್ಮಂದಿರು, ಎಲ್ಲರೂ ಕೇಳುವುದು ಒಂದೇ ಮಾತು: ‘ಅಲ್ಲಿ ಮಳೆ ಇಲ್ಲದ ತಿಂಗಳು ಯಾವುದು?’ ಅಂಥ ತಿಂಗಳು ಇಲ್ಲ. ಕೇಳಬೇಕಾದದ್ದು ‘ಬೆಳಕು ಯಾವಾಗ ಇರುತ್ತೆ?’ ಅಂತ. ಇದು ನನಗೆ ಗೊತ್ತಾಗಲು ಒಂದು ಪ್ರವಾಸವೇ ಬೇಕಾಯಿತು.

ಮೊದಲ ಸಲ ಅಕ್ಟೋಬರ್ ಆರಿಸಿಕೊಂಡದ್ದು ತೋಟದ ಲೆಕ್ಕದಲ್ಲಿ. ಅಷ್ಟು ಹೊತ್ತಿಗೆ ಮುಂಗಾರು ಮುಗಿದಿರುತ್ತದೆ. ಅರೇಬಿಕಾ ಕೊಯ್ಲು ಹಿಡಿಯಲು ಇನ್ನೂ ಸ್ವಲ್ಪ ದಿನ ಇರುತ್ತದೆ. ಮನೆ ಬಿಟ್ಟು ಹೋಗಲು ನಮಗೆ ಸಿಗುವ ಸಂದು ಅದೇ. ಟಿಕೆಟ್ ಮಾಡಿಕೊಟ್ಟವರೂ ‘ಅಕ್ಟೋಬರ್ ಚೆನ್ನಾಗಿರುತ್ತೆ, ರೇಟೂ ಕಡಿಮೆ’ ಅಂದರು. ಹನ್ನೆರಡು ದಿನ ಇದ್ದೆ. ಪೂರ್ತಿ ಒಣಗಿದ ಒಂದು ದಿನವನ್ನೂ ನೋಡಲಿಲ್ಲ.

ಆಮೇಲೆ ಲೆಕ್ಕ ನೋಡಿದರೆ ಎಲ್ಲಾ ತಲೆಕೆಳಗು. ಬರ್ಗೆನ್‌ನಲ್ಲಿ ವರ್ಷಕ್ಕೆ ಬರುವುದು ಸುಮಾರು 90ರಿಂದ 100 ಇಂಚು. ಮೂಡಿಗೆರೆಯವರಿಗೆ ನೂರು ಇಂಚು ಅಂದರೆ ಗಾಬರಿಯಾಗುವ ಮಾತಲ್ಲ. ಆದರೆ ನಮ್ಮಲ್ಲಿ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಅಲ್ಲಿ ವರ್ಷದಲ್ಲಿ 200ಕ್ಕೂ ಹೆಚ್ಚು ದಿನ ಹರಡಿಕೊಂಡು ಬರುತ್ತದೆ. ಅದರಲ್ಲೂ ಜಾಸ್ತಿ ಬರುವುದು ಸೆಪ್ಟೆಂಬರ್‌ನಿಂದ ಜನವರಿವರೆಗೆ. ಸೆಪ್ಟೆಂಬರ್ ಒಂದೇ ತಿಂಗಳಲ್ಲಿ 10 ಇಂಚಿನ ಹತ್ತಿರ ಬಂದರೆ, ಮೇನಲ್ಲಿ 4 ಇಂಚಿನ ಆಸುಪಾಸು. ಅಂದರೆ ನಮ್ಮ ಮಳೆ ಹಿಂದೆ ಸರಿಯುವ ಹೊತ್ತಿಗೆ ಅವರ ಮಳೆ ಜೋರಾಗುತ್ತದೆ. 2006ರ ಅಕ್ಟೋಬರ್ 29ರಿಂದ 2007ರ ಜನವರಿ 21ರವರೆಗೆ ಬರ್ಗೆನ್‌ನಲ್ಲಿ ಸತತ 85 ದಿನ ಮಳೆ ಬಂದಿದೆ, ಒಂದು ದಿನವೂ ತಪ್ಪದೆ. ಅಪ್ಪನಿಗೆ ಇದನ್ನು ಹೇಳಿದಾಗ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಂಡರು. ನಮ್ಮೂರಲ್ಲಿ ಆರಿದ್ರ, ಪುನರ್ವಸು, ಪುಷ್ಯ, ಆಶ್ಲೇಷ ನಾಲ್ಕೂ ಮಳೆ ಬಿಡದೆ ಹಿಡಿದ ವರ್ಷಗಳು ಅವರಿಗೆ ನೆನಪಿವೆ, ಆದರೆ ಅವುಗಳ ನಡುವೆಯೂ ಒಂದೆರಡು ದಿನ ಮಳೆ ಬಿಟ್ಟು ಹೊಳವಾಗುತ್ತಿತ್ತಂತೆ.

ಯಾಕೆ ಹೀಗೆ ಅಂದರೆ, ಮಳೆ ತರುವ ಕಾರಣವೇ ಬೇರೆ. ನಮ್ಮಲ್ಲಿ ಬೇಸಿಗೆಯಲ್ಲಿ ನೆಲ ಕಾದು ಸಮುದ್ರದ ಗಾಳಿಯನ್ನು ಎಳೆದುಕೊಳ್ಳುತ್ತದೆ, ಆ ಗಾಳಿ ಘಟ್ಟ ಹತ್ತುವಾಗ ತಣ್ಣಗಾಗಿ ಸುರಿಯುತ್ತದೆ. ಅಲ್ಲಿ ಗಾಳಿ ಬರುವುದು ಅಟ್ಲಾಂಟಿಕ್ ಕಡೆಯಿಂದ. ಉತ್ತರದ ಚಳಿ ಗಾಳಿಯೂ ದಕ್ಷಿಣದ ಬೆಚ್ಚನೆಯ ಗಾಳಿಯೂ ಮುಖಾಮುಖಿಯಾಗುವ ಕಡೆ ಬಿರುಗಾಳಿಗಳು ಹುಟ್ಟಿ ಒಂದರ ಹಿಂದೆ ಒಂದು ನಾರ್ವೆ ಕರಾವಳಿಗೆ ಬರುತ್ತವೆ. ಚಳಿಗಾಲ ಹತ್ತಿರ ಬಂದಂತೆ ಆ ಎರಡು ಗಾಳಿಗಳ ನಡುವಿನ ವ್ಯತ್ಯಾಸ ಜಾಸ್ತಿ, ಹಾಗಾಗಿ ಬಿರುಗಾಳಿಯೂ ಜಾಸ್ತಿ. ಕೊನೆಯ ಕೆಲಸ ಮಾಡುವುದು ಮಾತ್ರ ನಮ್ಮ ಹಾಗೇ ಬೆಟ್ಟಗಳು. ಬರ್ಗೆನ್ ಸುತ್ತ ಏಳು ಬೆಟ್ಟಗಳಿವೆ ಅನ್ನುತ್ತಾರೆ. ಅವುಗಳಲ್ಲಿ ಎತ್ತರದ್ದು ಉಲ್ರಿಕನ್, 643 ಮೀಟರ್. ನಮ್ಮ ಮುಳ್ಳಯ್ಯನಗಿರಿ ನೋಡಿದವರಿಗೆ ಅದು ದೊಡ್ಡದು ಅನ್ನಿಸುವುದಿಲ್ಲ, ಆದರೆ ಸಮುದ್ರದ ದಂಡೆಯಿಂದಲೇ ನೇರವಾಗಿ ಎದ್ದು ನಿಂತಿರುವುದರಿಂದ ಮೋಡ ಹಿಡಿಯಲು ಅಷ್ಟು ಸಾಕು.

ಬೆಟ್ಟದ ಆಚೆ ಹೋದರೆ ನಮ್ಮ ಜಿಲ್ಲೆಯದೇ ಕಥೆ. ಕೊಟ್ಟಿಗೆಹಾರದಲ್ಲಿ ಜಡಿಮಳೆ ಹಿಡಿದಿರುವಾಗ ಕಡೂರಿನಲ್ಲಿ ಧೂಳು ಏಳುತ್ತಿರುತ್ತದೆ ಅಲ್ವಾ, ಹಾಗೆಯೇ ಬೆಟ್ಟಗಳ ಪೂರ್ವಕ್ಕಿರುವ ಓಸ್ಲೋದಲ್ಲಿ ವರ್ಷದ ಮಳೆ 30 ಇಂಚಿನ ಆಸುಪಾಸು ಮಾತ್ರ. ಇದನ್ನು ಕಣ್ಣಾರೆ ನೋಡಬೇಕಾದರೆ ಓಸ್ಲೋದಿಂದ ಬರ್ಗೆನ್‌ಗೆ ರೈಲಿನಲ್ಲಿ ಬನ್ನಿ. 1909ರಲ್ಲಿ ಶುರುವಾದ ದಾರಿ, ಸುಮಾರು ಏಳು ಗಂಟೆ ಹಿಡಿಯುತ್ತದೆ. ನಾನು ಮೇನಲ್ಲಿ ಬಂದಾಗ ಓಸ್ಲೋದಲ್ಲಿ ಬಿಸಿಲಿತ್ತು, 1,222 ಮೀಟರ್ ಎತ್ತರದ ಫಿನ್ಸೆ ನಿಲ್ದಾಣದಲ್ಲಿ ಪ್ಲಾಟ್‌ಫಾರ್ಮ್ ಪಕ್ಕದಲ್ಲೇ ಹಿಮದ ರಾಶಿ ಬಿದ್ದಿತ್ತು, ಇಳಿಜಾರು ಶುರುವಾಗಿ ಜಲಪಾತಗಳು ಕಾಣತೊಡಗಿದಾಗ ಕಿಟಕಿಯ ಮೇಲೆ ಹನಿಗಳು. ಒಂದೇ ದಿನದಲ್ಲಿ ಮೂರು ಕಾಲ. ವಿಮಾನದಲ್ಲಿ ಬಂದರೆ ಇದು ತಪ್ಪಿಹೋಗುತ್ತದೆ.

ಇನ್ನು ಬೆಳಕಿನ ವಿಷಯ. ಅಕ್ಟೋಬರ್‌ನಲ್ಲಿ ನನ್ನನ್ನು ಸೋಲಿಸಿದ್ದು ಮಳೆ ಅಲ್ಲ. ಮಳೆಯಲ್ಲಿ ಹುಟ್ಟಿ ಬೆಳೆದವಳಿಗೆ ಅದು ಮನೆಯ ಸದ್ದು. ಕಷ್ಟವಾಗಿದ್ದು ಕತ್ತಲೆ. ನಮ್ಮ ಚಿಕ್ಕಮಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಒಂದೂವರೆ ಗಂಟೆಯಷ್ಟು ವ್ಯತ್ಯಾಸ. ನಾವು ಅದನ್ನು ಗಮನಿಸುವುದೇ ಇಲ್ಲ. ಬರ್ಗೆನ್ ಇರುವುದು ಉತ್ತರಕ್ಕೆ 60 ಡಿಗ್ರಿಯಲ್ಲಿ. ಜೂನ್ ಕೊನೆಯಲ್ಲಿ ಅಲ್ಲಿ ಹಗಲು 19 ಗಂಟೆ. ಡಿಸೆಂಬರ್ ಕೊನೆಯಲ್ಲಿ 6 ಗಂಟೆಯೂ ಇಲ್ಲ, ಬೆಳಿಗ್ಗೆ ಒಂಬತ್ತೂ ಮುಕ್ಕಾಲರ ಹೊತ್ತಿಗೆ ಹುಟ್ಟಿದ ಸೂರ್ಯ ಮಧ್ಯಾಹ್ನ ಮೂರೂವರೆಗೆ ಮುಳುಗಿಬಿಡುತ್ತಾನೆ. ಅದೂ ಮೋಡ ಇಲ್ಲದಿದ್ದರೆ ಕಾಣಿಸಿದ ಸೂರ್ಯ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ನಾನು ಅಲ್ಲಿರುವಾಗಲೇ ಆ ದಿನ ಬಂತು. ಶನಿವಾರ ಐದೂವರೆ ದಾಟಿ ಮುಳುಗಿದ ಸೂರ್ಯ ಭಾನುವಾರ ನಾಲ್ಕೂವರೆ ದಾಟುತ್ತಲೇ ಹೋದ. ಸಂಜೆ ಕಾಫಿಗೆ ನೀರಿಡುವ ಹೊತ್ತಿಗೆ ಹೊರಗೆ ಕಪ್ಪು. ಮೂರನೇ ದಿನಕ್ಕೆ ನನಗೆ ಯಾರ ಹತ್ತಿರವೂ ಮಾತಾಡಲು ಮನಸ್ಸಿರಲಿಲ್ಲ. ಅಕ್ಕ ಮೊದಲನೇ ವರ್ಷ ಇದನ್ನು ಒಬ್ಬಳೇ ಹೇಗೆ ಕಳೆದಳು ಅಂತ ಯೋಚಿಸಿ ಅಳು ಬಂತು. ಫೋನಿನಲ್ಲಿ ‘ಆರಾಮಾಗಿದ್ದೀನಿ’ ಅನ್ನುತ್ತಿದ್ದಳು ಅಷ್ಟೇ.

ಅಲ್ಲಿಯ ಜನ ಕತ್ತಲೆಯನ್ನು ಸುಮ್ನೆ ಸಹಿಸಿಕೊಂಡು ಕೂರುವುದಿಲ್ಲ. ಕಿಟಕಿಗಳಲ್ಲಿ ದೀಪ ಇಡುತ್ತಾರೆ, ಪರದೆ ಎಳೆಯುವುದಿಲ್ಲ. ಕೋಟು, ಚೀಲ, ಮಗುವಿನ ಗಾಡಿ ಎಲ್ಲದಕ್ಕೂ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಅಂಟಿಸಿರುತ್ತಾರೆ, ರಸ್ತೆ ದಾಟುವಾಗ ವಾಹನದವರಿಗೆ ಕಾಣಲಿ ಅಂತ. ಕಾಡ್ ಮೀನಿನ ಎಣ್ಣೆಯನ್ನು ದಿನಾ ಒಂದು ಚಮಚ ಕುಡಿಯುವುದು ಹಳೇ ರೂಢಿ, ಬಿಸಿಲಿನಿಂದ ಸಿಗಬೇಕಾದ ವಿಟಮಿನ್ ಡಿ ಅದರಿಂದ ಸಿಗುತ್ತದೆ. ಇಂಗ್ಲಿಷಿನಲ್ಲೂ ಅವರ ಭಾಷೆಯಲ್ಲೂ ಹೆಸರಿನಲ್ಲಿ ‘ಆರ್’ ಅಕ್ಷರ ಇರುವ ತಿಂಗಳುಗಳಲ್ಲಿ, ಅಂದರೆ ಸೆಪ್ಟೆಂಬರ್‌ನಿಂದ ಏಪ್ರಿಲ್‌ವರೆಗೆ, ತಪ್ಪಿಸಬಾರದು ಅಂತ ಲೆಕ್ಕ. ನಾವು ಮಳೆಗೆ ನಕ್ಷತ್ರದ ಹೆಸರಿಟ್ಟು ನೆನಪಿಟ್ಟುಕೊಂಡ ಹಾಗೆ ಅವರಿಗೆ ಅದು. ನವೆಂಬರ್, ಡಿಸೆಂಬರ್‌ನಲ್ಲಿ ಶುಂಠಿ ಬಿಸ್ಕತ್ತಿನಿಂದ ಒಂದು ಪುಟ್ಟ ಪಟ್ಟಣವನ್ನೇ ಕಟ್ಟಿ ಪ್ರದರ್ಶನಕ್ಕೆ ಇಡುತ್ತಾರೆ, 1991ರಿಂದ ನಡೆದುಬಂದಿದೆ, ಶಾಲೆ ಮಕ್ಕಳೆಲ್ಲ ಮನೆ ಮಾಡಿ ತಂದು ಕೊಡುತ್ತಾರೆ. ಚಳಿಗಾಲದಲ್ಲೇ ಹೋಗಬೇಕಾಗಿ ಬಂದವರು ಅದನ್ನು ನೋಡಿ ಬನ್ನಿ.

ಚಳಿ ಬಗ್ಗೆ ನಮ್ಮವರಿಗೆ ಒಂದು ತಪ್ಪು ಕಲ್ಪನೆ ಇದೆ. ನಾರ್ವೆ ಅಂದರೆ ಎಲ್ಲಾ ಕಡೆ ಆಳೆತ್ತರದ ಹಿಮ ಅಂತ. ಬರ್ಗೆನ್ ಪೇಟೆಯಲ್ಲಿ ಜನವರಿಯ ಸರಾಸರಿ ಸೊನ್ನೆಗಿಂತ ಒಂದೆರಡು ಡಿಗ್ರಿ ಮೇಲೆಯೇ ಇರುತ್ತದೆ. ಅಟ್ಲಾಂಟಿಕ್‌ನ ಬೆಚ್ಚನೆಯ ನೀರಿನ ಹರಿವು ದಂಡೆಯ ಹತ್ತಿರವೇ ಹಾದುಹೋಗುವುದು ಇದಕ್ಕೆ ಕಾರಣ. ಹಿಮ ಬಿದ್ದರೂ ಪೇಟೆಯಲ್ಲಿ ಬೇಗ ಕರಗುತ್ತದೆ. ಅಪಾಯ ಇರುವುದು ಆಮೇಲೆ. ಹಗಲು ಕರಗಿದ ನೀರು ರಾತ್ರಿ ಗಾಜಿನ ಹಾಗೆ ಹೆಪ್ಪುಗಟ್ಟಿ, ಇಳಿಜಾರು ರಸ್ತೆಗಳಲ್ಲಿ ಕಾಲಿಡಲು ಆಗುವುದಿಲ್ಲ. ಬೂಟಿನ ಅಡಿಗೆ ಹಾಕುವ ಮೊಳೆ ಇರುವ ರಬ್ಬರ್ ಪಟ್ಟಿ ಅಲ್ಲೇ ಅಂಗಡಿಗಳಲ್ಲಿ ಸಿಗುತ್ತದೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಮೊದಲ ದಿನವೇ ಅದನ್ನು ಕೊಳ್ಳಿ, ನಾಳೆ ಅನ್ನಬೇಡಿ.

ಬಟ್ಟೆಯ ವಿಷಯದಲ್ಲಿ ಕೊಡೆಯನ್ನು ಮರೆತುಬಿಡಿ. ನಾನು ಇಲ್ಲಿಂದ ಒಯ್ದ ಗಟ್ಟಿ ಕೊಡೆ ಎರಡನೇ ದಿನ ಬಂದರಿನ ಗಾಳಿಗೆ ಕಡ್ಡಿ ಮುರಿದು ಹೋಯಿತು. ಅಲ್ಲಿ ಹನಿ ಮೇಲಿಂದ ಬೀಳುವುದಕ್ಕಿಂತ ಪಕ್ಕದಿಂದ ಬರುವುದೇ ಜಾಸ್ತಿ. ಒಳಗೆ ಮೈಗಂಟುವ ತೆಳು ಉಣ್ಣೆ, ಅದರ ಮೇಲೆ ಒಂದು ಸ್ವೆಟರ್, ಎಲ್ಲಕ್ಕೂ ಮೇಲೆ ಟೋಪಿ ಇರುವ ನೀರು ಇಳಿಯದ ಕೋಟು ಮತ್ತು ಪ್ಯಾಂಟು. ಹತ್ತಿ ಬನಿಯನ್, ಜೀನ್ಸ್ ನೆನೆದರೆ ಮೈಯ ಶಾಖವನ್ನೆಲ್ಲ ಎಳೆದುಬಿಡುತ್ತವೆ. ಉಣ್ಣೆ ನೆನೆದರೂ ಬೆಚ್ಚಗಿಡುತ್ತದೆ. ಉಣ್ಣೆಯೇ ಚಿನ್ನ ಅಂತ ಅವರಲ್ಲಿ ಒಂದು ಗಾದೆ ಇದೆ. ನಮ್ಮ ತೋಟದ ಹಳಬರು ಕಂಬಳಿ ಕೊಪ್ಪೆ ಹಾಕಿಕೊಂಡು ಇಡೀ ದಿನ ಮಳೆಯಲ್ಲಿ ಕೆಲಸ ಮಾಡುತ್ತಿದ್ದದ್ದು ಇದೇ ಕಾರಣಕ್ಕೆ. ಪ್ಲಾಸ್ಟಿಕ್ ಬಂದ ಮೇಲೆ ನಾವು ಮರೆತೆವು, ಅವರು ಮರೆತಿಲ್ಲ. ಅಂಗನವಾಡಿ ವಯಸ್ಸಿನ ಮಕ್ಕಳನ್ನೂ ಮಳೆಯಲ್ಲಿ ಹೊರಗೆ ಆಡಲು ಬಿಡುತ್ತಾರೆ, ತಲೆಯಿಂದ ಕಾಲಿನವರೆಗೆ ಮಳೆ ಬಟ್ಟೆ ತೊಡಿಸಿ. ಕೆಸರಲ್ಲಿ ಕೂತು ಆಡುತ್ತಿದ್ದ ಆ ಮಕ್ಕಳನ್ನು ನೋಡಿ ನನಗೆ ನಮ್ಮ ಬಾಲ್ಯ ನೆನಪಾಯಿತು, ಇಂಬಳ (ಜಿಗಣೆ) ಒಂದು ಇರಲಿಲ್ಲ ಅಷ್ಟೇ.

ನೆನೆದ ಬಟ್ಟೆ ಒಣಗಿಸುವುದು ಹೇಗೆ ಅಂತ ಅಮ್ಮ ಕೇಳಿದ್ದರು. ನಮ್ಮಲ್ಲಿ ಹಂಡೆ ಒಲೆಯ ಮೇಲೆ ಹಗ್ಗ ಕಟ್ಟಿ ಹೊಗೆ ವಾಸನೆಯಲ್ಲೇ ಒಣಗಿಸುತ್ತೇವೆ. ಅಲ್ಲಿ ತುಂಬಾ ಮನೆಗಳಲ್ಲಿ ಬಚ್ಚಲಿನ ನೆಲದ ಕೆಳಗೆ ವಿದ್ಯುತ್ ತಂತಿ ಹಾಕಿ ಬಿಸಿ ಮಾಡುತ್ತಾರೆ. ರಾತ್ರಿ ನೆಲದ ಮೇಲೆ ಹರಡಿದರೆ ಬೆಳಿಗ್ಗೆ ಕಾಲುಚೀಲ ಗರಿಗರಿ. ಮನೆ ಬುಕ್ ಮಾಡುವಾಗ ಇದು ಇದೆಯಾ ಅಂತ ಕೇಳಿ. ತುಂಬಾ ಉಪಯೋಗಕ್ಕೆ ಬರುತ್ತದೆ.

ಮಳೆಯ ಮುನ್ಸೂಚನೆಗೆ ‘ಯ್ರ್’ (Yr) ಅನ್ನುವ ಆ್ಯಪ್ ಇದೆ. ನಾರ್ವೆಯ ಹವಾಮಾನ ಇಲಾಖೆ ಮತ್ತು ಅಲ್ಲಿಯ ಸಾರ್ವಜನಿಕ ಪ್ರಸಾರ ಸಂಸ್ಥೆ ಸೇರಿ 2007ರಲ್ಲಿ ಶುರು ಮಾಡಿದ್ದು. ಗಂಟೆ ಗಂಟೆಗೂ ತೋರಿಸುತ್ತದೆ. ನಾಳೆ ಮಳೆ ಬರುತ್ತಾ ಅಂತ ನೋಡುವುದಲ್ಲ, ಎಷ್ಟು ಗಂಟೆಗೆ ಹೊಳವಾಗುತ್ತೆ ಅಂತ ನೋಡಬೇಕು. ಹೊಳವಾಗುವ ಮುಕ್ಕಾಲು ಗಂಟೆಯನ್ನು ಹಿಡಿದು ಫ್ಲೋಯನ್ ಬೆಟ್ಟದ ಹಳಿ ಗಾಡಿ ಹತ್ತಿ, 320 ಮೀಟರ್ ಮೇಲಕ್ಕೆ ಹೋಗಿ ನಿಂತರೆ, ತೊಳೆದ ಹಾಗಿರುವ ಊರು ಕೆಳಗೆ ಕಾಣುತ್ತದೆ. 1918ರಿಂದ ಓಡುತ್ತಿರುವ ಗಾಡಿ ಅದು. ಮಳೆ ಜೋರಿದ್ದರೆ ಬ್ರಿಗೆನ್‌ಗೆ ಹೋಗಿ. ಬಂದರಿನ ಪಕ್ಕದ ಹಳೇ ಮರದ ಮನೆಗಳ ಸಾಲು, 1979ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು. ಆ ಮನೆಗಳ ನಡುವಿನ ಹಲಗೆಯ ಓಣಿಗಳಲ್ಲಿ ಮಳೆಗೆ ನೆನೆದ ಮರದ ವಾಸನೆ ಇರುತ್ತದೆ. ನನಗೆ ಬಿಸಿಲಿನಲ್ಲಿ ನೋಡಿದ್ದಕ್ಕಿಂತ ಮಳೆಯಲ್ಲಿ ನೋಡಿದ್ದೇ ಹೆಚ್ಚು ಇಷ್ಟವಾಯಿತು.

ಹವಾಮಾನದ ಬಗ್ಗೆ ಬರೆಯುವಾಗ ಈ ಊರಿಗೆ ನಾವು ಇಟ್ಟುಕೊಂಡಿರುವ ಋಣವನ್ನೂ ಹೇಳಬೇಕು. ವಿಲ್ಹೆಲ್ಮ್ ಬ್ಯೆರ್ಕ್ನೆಸ್ ಅನ್ನುವ ವಿಜ್ಞಾನಿ 1917ರಲ್ಲಿ ಬರ್ಗೆನ್‌ಗೆ ಬಂದರು. ಮೊದಲ ಮಹಾಯುದ್ಧದ ಕಾಲ, ನಾರ್ವೆಯಲ್ಲಿ ಆಹಾರಕ್ಕೆ ಅಭಾವ. ರೈತರಿಗೆ, ಮೀನುಗಾರರಿಗೆ ಉಪಯೋಗವಾಗಲಿ ಅಂತ ಕರಾವಳಿ ಉದ್ದಕ್ಕೂ ಹವಾಮಾನ ನೋಡುವ ಜಾಗಗಳನ್ನು ಹೆಚ್ಚಿಸಿದರು. ಅವರ ಮಗ ಯಾಕೊಬ್ ಮತ್ತು ಜೊತೆಯವರು ಆ ಲೆಕ್ಕಗಳನ್ನು ನೋಡುತ್ತಾ, ಚಳಿ ಗಾಳಿ ಬಿಸಿ ಗಾಳಿ ಎದುರಾಗುವ ಗೆರೆಯನ್ನು ಗುರುತಿಸಿ ಅದಕ್ಕೆ ಯುದ್ಧದ ಮಾತನ್ನೇ ತಂದು ‘ಫ್ರಂಟ್’ ಅಂತ ಹೆಸರಿಟ್ಟರು. ಇವತ್ತು ಜಗತ್ತಿನಾದ್ಯಂತ ಹವಾಮಾನ ನಕ್ಷೆಗಳಲ್ಲಿ ಇರುವುದು ಅದೇ ಮಾತು.

ಕಥೆ ಅಲ್ಲಿಗೆ ನಿಲ್ಲುವುದಿಲ್ಲ. 1904ರಲ್ಲಿ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿ ಬಂದ ಗಿಲ್ಬರ್ಟ್ ವಾಕರ್, ನಮ್ಮ ಮುಂಗಾರು ಯಾಕೆ ಕೈಕೊಡುತ್ತದೆ ಅಂತ ಹುಡುಕುತ್ತಾ, ಪೆಸಿಫಿಕ್ ಸಾಗರದ ಒಂದು ಕಡೆ ಗಾಳಿಯ ಒತ್ತಡ ಏರಿದರೆ ಇನ್ನೊಂದು ಕಡೆ ಇಳಿಯುವುದನ್ನು ಕಂಡಿದ್ದರು. ಕಾರಣ ಮಾತ್ರ ಸಿಕ್ಕಿರಲಿಲ್ಲ. ಅಮೆರಿಕಕ್ಕೆ ಹೋಗಿ ನೆಲೆಸಿದ್ದ ಅದೇ ಯಾಕೊಬ್ 1960ರ ದಶಕದಲ್ಲಿ ಆ ಏರಿಳಿತಕ್ಕೂ ಎಲ್ ನಿನೋ ಅನ್ನುವ ಸಾಗರದ ಬಿಸಿಗೂ ಇರುವ ಕೊಂಡಿಯನ್ನು ತೋರಿಸಿ, ಅಲ್ಲಿಯ ಗಾಳಿಯ ಸುತ್ತಾಟಕ್ಕೆ ವಾಕರ್ ಹೆಸರನ್ನೇ ಇಟ್ಟರು. 2023ರಲ್ಲಿ ಎಲ್ ನಿನೋ ಇದ್ದಾಗ ಮುಂಗಾರು ಕೈಕೊಟ್ಟು ಕರ್ನಾಟಕದ ಬಹುತೇಕ ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದ್ದು ನೆನಪಿದೆ ಅಲ್ವಾ. ಅಂಥ ವರ್ಷದ ಸುಳಿವು ಮುಂಚೆಯೇ ಸಿಗುವುದರ ಹಿಂದೆ, ಮಳೆಯ ಊರಿನಲ್ಲಿ ದಿನಾ ಆಕಾಶ ನೋಡಿ ಬರೆದಿಟ್ಟುಕೊಂಡ ಜನ ಇದ್ದಾರೆ. ಅಪ್ಪನಿಗೆ ಇದನ್ನು ಹೇಳುವಾಗ ನನ್ನ ಗಂಟಲು ತುಂಬಿತ್ತು.

ಒಂದು ಎಚ್ಚರಿಕೆ. ಅಲ್ಲಿಯ ಮಳೆ ಸಣ್ಣದು ಅಂತ ಹಗುರ ಮಾಡಬೇಡಿ. 2005ರ ಸೆಪ್ಟೆಂಬರ್ 14ರಂದು ಒಂದೇ ದಿನದಲ್ಲಿ 6 ಇಂಚು ಬಂದು ಬೆಟ್ಟದ ಪಕ್ಕದ ಮನೆಗಳ ಮೇಲೆ ಮಣ್ಣು ಕುಸಿದು ಜನ ಸತ್ತರು. 6 ಇಂಚು ನಮ್ಮ ಕೊಟ್ಟಿಗೆಹಾರಕ್ಕೆ ಹೊಸದಲ್ಲ, ಆದರೆ 2019ರ ಆಗಸ್ಟ್‌ನಲ್ಲಿ ನಮ್ಮ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜಾರಿದ್ದನ್ನು ನೋಡಿದ ಮೇಲೆ ನಾವೂ ಹಾಗೆ ಹೇಳುವಂತಿಲ್ಲ. ಜೋರು ಮಳೆಯ ಮುನ್ಸೂಚನೆ ಇದ್ದ ದಿನ ಬೆಟ್ಟದ ಕಾಲುದಾರಿ ಹಿಡಿಯಬೇಡಿ.

ಹಾಗಾದರೆ ಯಾವಾಗ ಹೋಗಬೇಕು? ನನ್ನ ಉತ್ತರ ಮೇ ಎರಡನೇ ವಾರದಿಂದ ಜೂನ್ ಮಧ್ಯದವರೆಗೆ. ಜುಲೈನಲ್ಲಿ ಸರಾಸರಿ 15 ಡಿಗ್ರಿ, ಅದೇ ಅವರ ಸುಡು ಬೇಸಿಗೆ. 2019ರಲ್ಲಿ 33 ದಾಟಿದ್ದೂ ಉಂಟು. ಆದರೆ ಆಗ ಅವರಿಗೆಲ್ಲ ರಜೆ, ದೊಡ್ಡ ದೊಡ್ಡ ಪ್ರವಾಸಿ ಹಡಗುಗಳು ಬಂದು ನಿಲ್ಲುತ್ತವೆ, ಬೆಲೆಯೂ ಜಾಸ್ತಿ. ಆಗಸ್ಟ್ ಪರವಾಗಿಲ್ಲ. ಮೇನಲ್ಲಿ ರಾತ್ರಿ ಹತ್ತು ಗಂಟೆಗೂ ಬೆಳಕಿರುತ್ತದೆ. ಊಟ ಮುಗಿಸಿ ವಾಕಿಂಗ್ ಹೊರಟರೆ ಸಂಜೆ ಐದರ ಬೆಳಕು. ಬೆಟ್ಟದ ಹಿಮ ಕರಗಿ ಎಲ್ಲಾ ಜಲಪಾತಗಳೂ ತುಂಬಿರುತ್ತವೆ. ಮೇ 17 ಅವರ ಸಂವಿಧಾನದ ದಿನ, ಊರಿಗೆ ಊರೇ ಕಸೂತಿಯ ಉಡುಪು ತೊಟ್ಟು ಮೆರವಣಿಗೆ ಹೊರಡುತ್ತದೆ. ನಾನು ನೋಡಿದ ವರ್ಷ ತುಂತುರು ಇತ್ತು. ಯಾರೂ ಒಳಗೆ ಹೋಗಲಿಲ್ಲ. ಮೋಡ ಸರಿದು ಅರ್ಧ ಗಂಟೆ ಬಿಸಿಲು ಬಿದ್ದಾಗ ಎಲ್ಲರೂ ನಿಂತಲ್ಲೇ ಮುಖ ಮೇಲೆತ್ತಿ ಕಣ್ಣು ಮುಚ್ಚಿಕೊಂಡರು. ನಮ್ಮಲ್ಲಿ ಏಪ್ರಿಲ್‌ನಲ್ಲಿ ಮೊದಲ ಹನಿಗೆ ನಾವು ಹಾಗೆ ನಿಲ್ಲುತ್ತೇವೆ.

ಮತ್ತೆ ಹೂವು. ಬರ್ಗೆನ್‌ನಿಂದ ಬಸ್ಸಿನಲ್ಲಿ ಹೋಗಿಬರಬಹುದಾದ ಹಾರ್ಡಂಗರ್ ಕಡೆ ನೀರಿನ ದಂಡೆ ಉದ್ದಕ್ಕೂ ಸೇಬಿನ ತೋಟಗಳು. ಮೇ ಮಧ್ಯದ ನಂತರ ಬಿಳಿ ಹೂವು ಬಿಡುತ್ತದೆ, ಹಿಂದೆ ಇನ್ನೂ ಹಿಮ ಹೊತ್ತ ಬೆಟ್ಟ. ಕಾಫಿ ಹೂವಿನ ಹಾಗೆ ಊರೆಲ್ಲ ಪರಿಮಳ ತುಂಬುವುದಿಲ್ಲ, ಆದರೆ ತೋಟದವರ ಮುಖದಲ್ಲಿ ಅದೇ ಆತಂಕ ಕಂಡೆ. ಅಲ್ಲಿಂದಲೇ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ.

‘ಅಲ್ಲಿ ಹೂವಿಗೆ ಮಳೆ ಬೇಕೇನಮ್ಮಾ?’ ಅಂದರು.

‘ಬೇಡ ಅಪ್ಪಾ. ಅರಳಿದಾಗ ಮಳೆ ಬಂದ್ರೆ ಜೇನು ಹಾರಲ್ಲ, ಕಾಯಿ ಕಟ್ಟಲ್ಲ ಅಂತಾರೆ.’

‘ನಮ್ಮ ರೋಬಸ್ಟಾ ಹಾಗೇ’ ಅಂದರು. ಕಾಫಿ ಮೊಗ್ಗು ಅರಳಿಸುವ ಹೂ ಮಳೆ ಬಂದು, ಹೂವು ಅರಳಿದ ದಿನವೇ ಮತ್ತೆ ಮಳೆ ಬಂದರೆ ಅವರು ಆ ರಾತ್ರಿ ನಿದ್ದೆ ಮಾಡುವುದಿಲ್ಲ.

ಮುಂದಿನ ಮೇನಲ್ಲಿ ಅವರನ್ನೂ ಕರೆದುಕೊಂಡು ಹೋಗುತ್ತಿದ್ದೇನೆ. ಮುಂಗಾರಿಗೆ ಮುಂಚಿನ ಔಷಧಿ ಹೊಡೆಯುವ ಕೆಲಸ, ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವುದು) ಎಲ್ಲಾ ಅದೇ ಹೊತ್ತಿಗೆ ಬರುತ್ತದೆ, ಅದಕ್ಕೇ ಇಷ್ಟು ವರ್ಷ ಬೇಡ ಅನ್ನುತ್ತಿದ್ದರು. ಈ ಸಲ ಚಿಕ್ಕಪ್ಪ ಹದಿನೈದು ದಿನ ತೋಟ ನೋಡಿಕೊಳ್ಳುತ್ತಾರಂತೆ. ನಾರ್ವೆಗೆ ಬೇಕಾದ, ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಹೊರಡುವ ಆರು ತಿಂಗಳ ಮುಂಚೆಯಿಂದ ಅರ್ಜಿ ಹಾಕಬಹುದು. ನವೆಂಬರ್‌ನಲ್ಲೇ ಹಾಕುತ್ತೇವೆ. ಒಂದು ಹಳೇ ಉಣ್ಣೆ ಸ್ವೆಟರ್ ಬಿಸಿಲಿಗೆ ಹಾಕಿಯಾಗಿದೆ. ಅಕ್ಕನ ಮನೆಯ ಬಾಲ್ಕನಿಯಲ್ಲಿ ಮಳೆ ಮಾಪಕ ಇಡಲು ಜಾಗ ಇದೆಯಾ ಅಂತ ನಿನ್ನೆ ಕೇಳುತ್ತಿದ್ದರು.